ಕಂಬದ ಗುಂಡಿಯಲ್ಲಿ ತೆಂಗಿನ ಸಸಿ

ಮೊನ್ನೆ ತುಮಕೂರಿನಲ್ಲಿ ತಮ್ಮನ ಮನೆಯ ನಕ್ಷೆಗೆ ಇನ್ನೊಂದು ಪ್ರತಿ ತೆಗೆಸಲು ಹಳೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಕಂಪ್ಯೂಟರಿನಲ್ಲೇ ಮನೆ ಕಟ್ಟಿ ತೋರಿಸುವ ಈ ಕಾಲದಲ್ಲೂ ಅದರ ಮಾಲೀಕರು ಹಿಂದಿನ ಕೋಣೆಯಲ್ಲಿ ನಕ್ಷೆಗಳ ಪ್ರತಿ ತೆಗೆಯುವ ಅಮೋನಿಯಾ ಯಂತ್ರವನ್ನು ಬಿಡದೆ ಇಟ್ಟುಕೊಂಡಿದ್ದಾರೆ. ಕೋಣೆಯ ಬಾಗಿಲು ತೆಗೆದದ್ದೇ ತಡ, ವಾಸನೆ ಮೂಗಿಗೆ ಅಡರಿ ಕಣ್ಣಲ್ಲಿ ನೀರು ಬಂತು. "ಆಚೆ ನಿಂತ್ಕೊಳ್ಳಿ ಮೇಡಂ, ನಿಮ್ಗೆ ಆಗಲ್ಲ," ಎಂದರು ಅವರು. ನನಗೆ ಆಗದ್ದೇನು ಬಂತು. ಒಂದು ಕಾಲದಲ್ಲಿ ಆ ವಾಸನೆ ನನ್ನ ಸೀರೆಗೆ ಹತ್ತಿಕೊಂಡು, ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹೋಗುತ್ತಿದ್ದರು. ಅಲ್ಲೇ ನಿಂತು ಕಣ್ಣು ಒರೆಸಿಕೊಳ್ಳುತ್ತ, ಒಂದೇ ಕಾಲೇಜಿಗೆ ಮೂರು ಸಲ ನಕ್ಷೆ ಬರೆದ ಆ ವರ್ಷವನ್ನು ನೆನೆದೆ. ನಗು ಬಂತು. ಹೆಮ್ಮೆಯೂ ಬಂತು, ಸುಳ್ಳು ಯಾಕೆ ಹೇಳಲಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ತುರುವೇಕೆರೆಯವಳಾದ ನಾನು ತಿಪಟೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಹಾಲ್ಕುರಿಕೆ ಕಡೆಯ ಒಂದು ಹಳ್ಳಿಯ ಪಾಲಿಟೆಕ್ನಿಕ್ಕಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಿವಿಲ್ ವಿಭಾಗದ ಉಪನ್ಯಾಸಕಿ. ವಿಭಾಗವೆಂದರೆ ನಾನು, ಒಂದು ಅಳತೆಯ ಸರಪಳಿ, ಮತ್ತು ನೆಲದ ಏರುತಗ್ಗು ನೋಡುವ ಒಂದು ಡಂಪಿ ಲೆವೆಲ್. ಕಾಲೇಜು ನಡೆಯುತ್ತಿದ್ದದ್ದು ಕೊಬ್ಬರಿ ಗೋದಾಮಿನಲ್ಲಿ. ಕೆಳಗೆ ಬೆಂಚು, ಮೇಲೆ ಅಟ್ಟದ ತುಂಬ ಕಾಯಿ. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿಡುವುದು. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅಲ್ಲಾಡುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ನಾನು ಕೆಳಗೆ ತೊಲೆ ಎಷ್ಟು ಭಾರಕ್ಕೆ ಬಾಗುತ್ತದೆ ಎಂದು ಪಾಠ ಮಾಡುತ್ತಿದ್ದರೆ ಮೇಲೆ ಹೆಗ್ಗಣ ಓಡಿ ಕಾಯಿ ಉರುಳುತ್ತಿತ್ತು. ಹುಡುಗರೆಲ್ಲ ಒಟ್ಟಿಗೆ ತಲೆ ಎತ್ತಿ ತೊಲೆ ನೋಡುತ್ತಿದ್ದರು. ಪಾಠಕ್ಕೆ ಉದಾಹರಣೆಯ ಕೊರತೆಯಂತೂ ಇರಲಿಲ್ಲ.

ನಮ್ಮ ಪ್ರಿನ್ಸಿಪಾಲ್ ರಂಗನಾಥಯ್ಯನವರು ದೊಡ್ಡ ದೊಡ್ಡ ಊರಿನ ಕಾಲೇಜುಗಳಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಇಲ್ಲಿಗೆ ಬಂದವರು. ಬಂದವರ ತಲೆಯಲ್ಲಿ ಒಂದು 'ಹದಿನೈದು ವರ್ಷದ ಯೋಜನೆ' ಇತ್ತು. ಅದರಲ್ಲಿ ಗಡಿಯಾರದ ಗೋಪುರವಿತ್ತು, ಸಭಾಂಗಣವಿತ್ತು, ಆಟೊಮೊಬೈಲ್ ವಿಭಾಗವಿತ್ತು. ಊರಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಅದೂ ಮಳೆ ಬಂದರೆ ಇಲ್ಲ. ಆದರೂ ಅವರು ಹೇಳಿದ ಹಾಗೆ ನಾನು ಬರೆದೆ. ತುಮಕೂರಿನಲ್ಲಿ ಅಮೋನಿಯಾ ಪ್ರಿಂಟು ತೆಗೆಸಿ, ಚೌಕಟ್ಟು ಹಾಕಿಸಿ, ಅವರ ಕುರ್ಚಿಯ ಹಿಂದೆ ನೇತುಹಾಕಿದ್ದಾಯಿತು. ಅದು ಮೊದಲನೆಯ ನಕ್ಷೆ. ಬಂದವರೆಲ್ಲ ಅದನ್ನು ನೋಡಿ, ದೇವರ ಪಟವೇನೋ ಎಂಬಂತೆ ಒಂದು ಕ್ಷಣ ನಿಂತು ಹೋಗುತ್ತಿದ್ದರು.

ಯುಗಾದಿಯ ಹೊತ್ತಿಗೆ ತಾಂತ್ರಿಕ ಶಿಕ್ಷಣ ಇಲಾಖೆಯಿಂದ ಸೂಚನೆ ಬಂತು. ಅಲ್ಲಿಯವರೆಗೆ ನಮ್ಮದು ವರ್ಷ ವರ್ಷಕ್ಕೆ ಸಿಗುವ ತಾತ್ಕಾಲಿಕ ಅನುಮತಿ. ಇನ್ನು ಹಾಗೆ ಕೊಡಲು ಆಗುವುದಿಲ್ಲ. ದಸರಾ ಕಳೆದ ಮೇಲೆ ತನಿಖಾ ಸಮಿತಿ ಬರುತ್ತದೆ. ಸ್ವಂತ ಜಾಗದಲ್ಲಿ ಕಟ್ಟಡ ಎದ್ದಿರಬೇಕು, ಮುಂದಿನ ವರ್ಷಗಳ ಯೋಜನೆ ನಂಬುವಂತಿರಬೇಕು. ಇಲ್ಲವಾದರೆ ಕಾಲೇಜು ಮುಚ್ಚಿ, ಇರುವ ವಿದ್ಯಾರ್ಥಿಗಳನ್ನು ಹಾಸನಕ್ಕೂ ತುಮಕೂರಿಗೂ ಹಂಚುತ್ತಾರೆ.

ಹುಡುಗರಿಗೆ ಹಾಸನವಾದರೇನು, ತುಮಕೂರಾದರೇನು, ಹೋಗಿ ಎಲ್ಲಾದರೂ ಕೋಣೆ ಮಾಡಿಕೊಂಡು ಓದುತ್ತಿದ್ದರು. ನನ್ನ ಜೀವ ಹೊಡೆದುಕೊಂಡದ್ದು ಜಯಲಕ್ಷ್ಮಿಯ ವಿಚಾರಕ್ಕೆ. ಕಂದಿಕೆರೆಯ ಹುಡುಗಿ. ಸಿವಿಲ್ ಎರಡನೇ ವರ್ಷಕ್ಕೆ ಬರಬೇಕಾಗಿದ್ದವಳು. ನಮ್ಮ ಕಾಲೇಜಿಗೆ ಸೇರಿದ ಮೊದಲ ಹುಡುಗಿ ಅವಳೇ, ಆಗ ಇದ್ದ ಒಬ್ಬಳೇ ಹುಡುಗಿಯೂ ಅವಳೇ. ಅವಳ ಮನೆಗೆ ನಾನೇ ಹೋಗಿ, ಹಜಾರದಲ್ಲಿ ಕೂತು, ಮಜ್ಜಿಗೆ ಕುಡಿದು, ವಾದ ಮಾಡಿ ಕರೆದುಕೊಂಡು ಬಂದಿದ್ದೆ. ಸೂಚನೆಯ ಸುದ್ದಿ ಹಬ್ಬಿದ ವಾರವೇ ಅವಳ ತಂದೆ ಹನುಮಂತಯ್ಯ ಗೋದಾಮಿಗೆ ಬಂದರು. ಹೆಗಲ ಮೇಲಿನ ಟವೆಲು ತೆಗೆದು ಕೈಗೆ ಸುತ್ತಿಕೊಂಡು ನಿಂತರೇ ಹೊರತು ಕೂರಲಿಲ್ಲ.

"ಮೇಡಮ್ಮೋರೆ, ಮುಚ್ತಾರಂತಲ್ಲ."

"ಯಾರು ಹೇಳಿದ್ದು? ಇನ್ನೂ ಸಮಿತಿ ಬರಬೇಕು."

"ಯಾರಾನ ಹೇಳ್ಲಿ ಬುಡಿ. ಇಲ್ಲಾದ್ರೆ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮನೆ ಸೇರ್ಕಂತಾಳೆ. ಹಾಸ್ನ ಗೀಸ್ನ ಅಂದ್ರೆ ನಾನು ಕಳ್ಸಾಕಿಲ್ಲ. ಹುಳಿಯಾರ್ ಕಡೆಯಿಂದ ಒಂದು ಸಂಬಂಧ ಬಂದೈತೆ, ಒಳ್ಳೆ ಜನ. ನೀವು ಮುಚ್ಚಿದ್ರೆ ಕಾರ್ತೀಕಕ್ಕೆ ಲಗ್ನ. ತಪ್ಪು ತಿಳ್ಕಬ್ಯಾಡಿ."

ತಪ್ಪು ತಿಳಿದುಕೊಳ್ಳಲು ಅವರು ಕೆಟ್ಟವರೇನೂ ಆಗಿರಲಿಲ್ಲ. ಅದೇ ಕಷ್ಟ. ಕೆಟ್ಟವರ ಜೊತೆ ಜಗಳ ಆಡಬಹುದು. ಜಯಲಕ್ಷ್ಮಿ ಕಂಬದ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು, ಅಳಲಿಲ್ಲ. ಅವರು ಹೋದ ಮೇಲೆ ಬಂದು, "ಮೇಡಂ, ಕಟ್ಟಡ ಯಾವಾಗ ಶುರು?" ಎಂದು ಕೇಳಿದಳು.

ಶುರು ಮಾಡಿದೆವು. ಆಡಳಿತ ಮಂಡಳಿಯ ಅಧ್ಯಕ್ಷರು ಜಮೀನು ಕೊಟ್ಟಿದ್ದರು. ಅಧ್ಯಕ್ಷರು ಕೊಟ್ಟರು ಎನ್ನುವುದು ಮಾತಿಗೆ. ಅದು ಅವರ ಹೆಂಡತಿ ಗೌರಮ್ಮನವರಿಗೆ ತವರಿನಿಂದ ಬಂದ ನೆಲ. ಊರಿನಲ್ಲಿ ಗೌರಮ್ಮನವರ ಮಾತು ಮೀರುವವರಿರಲಿಲ್ಲ, ಅಧ್ಯಕ್ಷರನ್ನೂ ಸೇರಿಸಿ. ನಾನು ಎರಡನೆಯ ನಕ್ಷೆ ಬರೆದೆ: ಗೋಪುರ, ಸಭಾಂಗಣ ಎಲ್ಲ ಆಮೇಲೆ, ಮೊದಲು ಜಮೀನಿನ ನಡುಮಧ್ಯೆ, ರಸ್ತೆಗೆ ಎದ್ದು ಕಾಣುವ ಹಾಗೆ, ವರ್ಕ್‌ಶಾಪು ಮತ್ತು ತರಗತಿಗಳು. ಕಾಂಕ್ರೀಟಿನ ಕಂಬ ನಿಲ್ಲಿಸಿ ಕಟ್ಟುವ ಹೊಸ ಮಾದರಿ. ಹದಿನೈದು ಅಡಿಗೊಂದು ಕಂಬ, ಕಂಬಕ್ಕೊಂದು ಗುಂಡಿ. ಯುಗಾದಿ ಕಳೆದ ಮೇಲೆ ಶ್ರಮದಾನಕ್ಕೆ ಕರೆ ಕೊಟ್ಟದ್ದಕ್ಕೆ ಊರಿಗೆ ಊರೇ ಹಾರೆ ಗುದ್ದಲಿ ಹಿಡಿದು ಬಂತು. ನಾನು ಸುಣ್ಣದ ಗೆರೆ ಎಳೆದು ತೋರಿಸಿದೆ, ಅವರು ಅಗೆದರು. ಚೌಕಾಕಾರದ, ಅಂಚು ಕತ್ತರಿಸಿದಂತಿದ್ದ ಗುಂಡಿಗಳು ಸಾಲು ಸಾಲಾಗಿ ಮೂಡಿದವು. ನನಗೆ ನೋಡಲು ಎರಡು ಕಣ್ಣು ಸಾಲದಾಗಿತ್ತು.

ಗುಂಡಿಯಾಯಿತು, ಸಿಮೆಂಟು ಬರಲಿಲ್ಲ. ಆಗ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ನಾನು ತುರುವೇಕೆರೆಗೆ ಹೋಗಿಬರುವಾಗ ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯ ಹೊಗೆಕೊಳವೆ ಕಾಣುತ್ತಿತ್ತು. ಅದು ನಮ್ಮ ಕಣ್ಣಿಗೆ ಮಾತ್ರ ಹತ್ತಿರ. ರಂಗನಾಥಯ್ಯನವರು ಪರ್ಮಿಟ್ಟಿಗಾಗಿ ಬೆಂಗಳೂರಿಗೆ ಹೋಗಿ ಕೂತರು. ನಾನು ಪರೀಕ್ಷೆಯ ಕೆಲಸಕ್ಕೆ ಹೋದವಳು ಅಲ್ಲಿಂದಲೇ ರಜೆಗೆ ಊರಿಗೆ ಹೋದೆ. ಅಷ್ಟರಲ್ಲಿ ರೋಹಿಣಿ ಮಳೆ ಹಿಡಿಯಿತು. ಹಿಂದಿನ ವರ್ಷಗಳ ಬಾಕಿಯನ್ನೂ ಸೇರಿಸಿ ತೀರಿಸುವ ಹಾಗೆ ಬಂತು. ಕೆರೆಗಳಿಗೆಲ್ಲ ನೀರು ಹರಿದು ಬಂದು ಊರಿನ ಜನರ ಮುಖ ಅರಳಿತ್ತು. ನಾನು ಮಾತ್ರ ಗುಂಡಿಗಳ ಅಂಚು ಕುಸಿಯುತ್ತದಲ್ಲ ಎಂದು ಹಲ್ಲು ಕಡಿಯುತ್ತ ಊರಿನಲ್ಲಿ ಕೂತಿದ್ದೆ.

ರಜೆ ಮುಗಿದ ದಿನ ರಂಗನಾಥಯ್ಯನವರೂ ನಾನೂ ಒಂದೇ ಬಸ್ಸಿನಲ್ಲಿ ಬಂದೆವು. ಅವರ ಕೈಯಲ್ಲಿ ಪರ್ಮಿಟ್ ಇರಲಿಲ್ಲ, ಮುಖ ನೋಡಿದರೇ ತಿಳಿಯುತ್ತಿತ್ತು. ಜಮೀನಿನ ಹತ್ತಿರ ಇಳಿದು ನಾಲ್ಕು ಹೆಜ್ಜೆ ಇಟ್ಟವರು ನಿಂತುಬಿಟ್ಟರು. "ಸರೋಜ, ನಾವು ದಾರಿ ತಪ್ಪಿ ಇಳಿದ್ವಾ?" ಎಂದರು.

ಎದುರಿಗೆ ತೆಂಗಿನ ತೋಟ. ಹೊಚ್ಚ ಹೊಸ ತೋಟ. ಗುಂಡಿಗಳಿಗೆ ಕೆರೆಯ ಗೋಡುಮಣ್ಣು ತುಂಬಿ, ನಡುವೆ ಸಸಿ ಇಟ್ಟು, ಬಿಸಿಲು ಬೀಳುವ ಕಡೆಗೆ ಒಣಗರಿ ಮರೆ ಕಟ್ಟಿದ್ದರು. ಸಸಿಯ ಬುಡದ ಕಾಯಿಗೆ ಅರಿಶಿನ ಕುಂಕುಮ. ಸಾಲು ಹಿಡಿದು ನೋಡಿದರೆ ಒಂದು ಸಸಿಯೂ ನನ್ನ ಗೆರೆಯಿಂದ ಆಚೀಚೆ ಸರಿದಿರಲಿಲ್ಲ. ಗೌರಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮಗಾಗಿಯೇ ಕಾಯುತ್ತಿದ್ದವರಂತೆ ಎದುರಿಗೆ ಬಂದರು.

"ಬನ್ನಿ ಬನ್ನಿ. ನೀವಿಬ್ರೂ ಇಲ್ದಾಗ ರೋಣಿ ಮಳೆ ಒಳ್ಳೆ ಹದ ಹಾಕ್ತು ಕಣ್ರೀ. ಗುಂಡೀಲಿ ಸುಮ್ಕೆ ನೀರು ನಿಂತಿತ್ತು. ಹಂಗೆ ಬುಡಾಕಾಯ್ತದಾ? ಮನೆಗೊಂದು ಸಸಿ ಅಂತ ಹೇಳ್ದೆ, ಎಲ್ರೂ ತಂದಿಟ್ರು. ಗುಂಡಿ ಮಾತ್ರ ವಸಿ ಒತ್ತಾಗಿ ಹೊಡ್ಸಿದ್ರಿ ಮೇಡಮ್ಮೋರೆ. ತೆಂಗಿಗೆ ಅಷ್ಟು ಒತ್ತು ಆಗಾಕಿಲ್ಲ. ಅದ್ಕೇ ಒಂದ್ ಬುಟ್ಟು ಒಂದ್ರಲ್ಲಿ ಇಟ್ಟಿದೀವಿ. ಮಿಕ್ಕಿದ್ರಲ್ಲಿ ಬಾಳೆ ಕಂದು."

"ಗೌರಮ್ಮೋರೆ," ಎಂದೆ. "ಅವು ಕಂಬದ ಗುಂಡಿ."

"ಯಾವ ಕಂಬ? ಲೈಟ್ ಕಂಬವಾ? ಇಷ್ಟೊಂದಾ?"

"ಕಟ್ಟಡದ ಕಂಬ. ಅದು ಕಟ್ಟಡದ ಪಾಯ."

ಗೌರಮ್ಮನವರು ನನ್ನನ್ನು ನೋಡಿದರು, ಗುಂಡಿ ನೋಡಿದರು. "ಪಾಯ ಅಂದ್ರೆ ಉದ್ದುಕ್ಕೆ ತೆಗೀತಾರಲ್ಲವ್ವ, ಗ್ವಾಡೆ ಹೋದಂಗೆ. ಹಿಂಗೆ ಬಿಡಿಬಿಡಿ ಗುಂಡಿ ತೆಗ್ಸಿದ್ರೆ ತೆಂಗಿಗೆ ಅಲ್ದೆ ಇನ್ನೇನಕ್ಕೆ ಅನ್ಕಳಾನ? ಮೊದ್ಲು ತೋಟ ಮಾಡಿ ಆಮ್ಯಾಕೆ ಕಟ್ತಾರೇನೋ ಅಂದ್ಕಂಡ್ವಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಊರಿನ ಮನೆಗಳೆಲ್ಲ ಗೋಡೆಯ ಮೇಲೆ ನಿಂತವು, ಕಂಬದ ಮೇಲೆ ನಿಂತ ಕಟ್ಟಡವನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅಗೆಯುವಾಗ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ಕ್ಷಣಕ್ಕೆ ಮಾತ್ರ ನನಗೆ ನ್ಯಾಯ ಅನ್ಯಾಯ ಯಾವುದೂ ಬೇಡವಾಗಿತ್ತು. ಮೈಯೆಲ್ಲ ಉರಿಯುತ್ತಿತ್ತು. ರಂಗನಾಥಯ್ಯನವರು ಒಂದೇ ಮಾತು ಹೇಳಿದರು: "ನಾಳೆಯೇ ಎಲ್ಲ ಕೀಳಿಸಿ."

ಕೀಳಲು ಒಬ್ಬರೂ ಬರಲಿಲ್ಲ. ಕೂಲಿಗೆ ಕರೆದರೂ ಬರಲಿಲ್ಲ. "ಇನ್ಯಾವ ಕೆಲ್ಸನಾರ ಹೇಳಿ, ಇಟ್ಟ ಸಸಿ ಕೀಳಾಕೆ ಕರೀಬ್ಯಾಡಿ," ಎಂದು ಮುಖದ ಮೇಲೆ ಹೇಳಿದರು. ಸಿಟ್ಟಿನಲ್ಲಿ ನಾನೇ ಗುದ್ದಲಿ ಹಿಡಿದು ಹೋದೆ. ಮೊದಲ ಸಾಲಿನ ಮೊದಲ ಸಸಿಯ ಮುಂದೆ ನಿಂತೆ. ಎಲೆ ಇನ್ನೂ ಬಿರಿದಿರಲಿಲ್ಲ, ಮಳೆಹನಿ ಕೂತಿತ್ತು. ನಾನೂ ತೆಂಗಿನ ಸೀಮೆಯಲ್ಲೇ ಹುಟ್ಟಿದವಳು, ಕೈ ಏಳಲಿಲ್ಲ. ಗುದ್ದಲಿಯನ್ನು ಹೆಗಲ ಮೇಲೆ ಇಟ್ಟುಕೊಂಡು, ಯಾರೂ ನೋಡಲಿಲ್ಲ ತಾನೇ ಎಂದು ಅತ್ತಿತ್ತ ನೋಡಿ ವಾಪಸು ಬಂದೆ. ಇಡೀ ಊರು ನೋಡಿತ್ತು ಎನ್ನುವುದು ಮಾರನೆಯ ದಿನ ಗೊತ್ತಾಯಿತು.

ಆಷಾಢ ಬಂತು. ಗಾಳಿಗೆ ಗೋದಾಮಿನ ಹೆಂಚು ಹಾರಿ ತರಗತಿಯ ಒಳಗೇ ನೀರು. ರಂಗನಾಥಯ್ಯನವರು ಗೋಪುರದ ನಕ್ಷೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ಸೋರುವ ಮನೆಯಲ್ಲಿ ಪಾಠ ಮಾಡುವುದಕ್ಕಿಂತ ಬಯಲೇ ವಾಸಿ ಎಂದು ನಾನು ಎರಡನೇ ವರ್ಷದವರನ್ನು ಸರ್ವೆ ಪ್ರಾಕ್ಟಿಕಲ್‌ಗೆ ಆ ಜಮೀನಿಗೇ ಕರೆದುಕೊಂಡು ಹೋದೆ. ಗೂಟ ಹೊಡೆದು ಇಡೀ ಜಮೀನಿನ ಏರುತಗ್ಗು ಅಳೆದು ನಕ್ಷೆ ಮಾಡಿ ಎಂದೆ. ನಿಜ ಹೇಳಬೇಕೆಂದರೆ, ಮೊದಲೆರಡು ನಕ್ಷೆ ಬರೆಯುವಾಗ ನಾವು ಯಾರೂ ಆ ನೆಲವನ್ನು ಸರಿಯಾಗಿ ಅಳೆದಿರಲಿಲ್ಲ. ಕಾಗದ ಅಳೆದಿದ್ದೆವು.

ಪಡುವಣ ಅಂಚಿಗೆ ಬಂದಾಗ ಜಯಲಕ್ಷ್ಮಿ ಕೂಗಿದಳು. "ಮೇಡಂ, ಇಲ್ಲಿ ಗೂಟ ಇಳೀತಾ ಇಲ್ಲ."

"ಬೇರೆ ಕಡೆ ಹೊಡಿ."

"ಬೇರೆ ಕಡೆನೂ ನೋಡ್ದೆ ಮೇಡಂ. ಈ ಏರಿನ ಉದ್ದಕ್ಕೂ ಇಳಿಯಲ್ಲ. ಎಲ್ಲಾ ಗಟ್ಟಿ ಜಲ್ಲಿ, ಅದರ ಕೆಳಗೆ ಬಂಡೆ." ಅವಳು ಸುತ್ತಿಗೆಯನ್ನು ನೆಲಕ್ಕಿಟ್ಟು ಏರಿನ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಮೇಲೆ ಕೇಳಿದಳು: "ಗೂಟನೇ ಇಳೀದಿರೋ ಕಡೆ ಕಟ್ಟಿದ್ರೆ ಕಂಬ ಯಾಕೆ ಬೇಕು ಮೇಡಂ? ಕಲ್ಲಿನ ಗೋಡೆ ಕಟ್ಬೋದಲ್ವಾ? ಕಲ್ಲೂ ಇಲ್ಲೇ ಐತೆ. ಸುಣ್ಣದ ಗಾರೆ ಸಾಕು ಅಂತ ನೀವೇ ಪಾಠ ಮಾಡಿದ್ರಿ."

ಬಯ್ಯಲು ಬಾಯಿ ತೆರೆದವಳು ಮುಚ್ಚಿದೆ. ಆ ಪಡುವಣ ಏರನ್ನು ಪ್ರಿನ್ಸಿಪಾಲರ ಯೋಜನೆಯಲ್ಲಿ ಕ್ರೀಡಾಂಗಣ ಎಂದು ಬರೆದಿದ್ದೆವು. ಬಂಡೆಯ ಮೇಲೆ ಫುಟ್‌ಬಾಲ್ ಆಡುವವರಿದ್ದರು ಪಾಪ. ಅವತ್ತು ಬಸ್ಸು ಬರುವವರೆಗೂ ಹುಡುಗರು ಅಲ್ಲಲ್ಲಿ ಅಗೆದು ನೋಡಿದರು. ನಡುಮಧ್ಯದ ತೋಟದ ಮಣ್ಣು ಆಳದವರೆಗೂ ಮೆತ್ತಗೆ. ಅಲ್ಲಿ ಕಂಬ ನಿಲ್ಲಿಸಿದ್ದರೆ ಇನ್ನೂ ಆಳಕ್ಕೆ ಹೋಗಬೇಕಿತ್ತು, ಇನ್ನೂ ಸಿಮೆಂಟು ಸುರಿಯಬೇಕಿತ್ತು. ಏರಿನ ಮೇಲೆ ಮೊಣಕಾಲುದ್ದ ಅಗೆದರೆ ಗಟ್ಟಿ ನೆಲ. ನೀರು ಕಟ್ಟಡದಿಂದ ತೋಟದ ಕಡೆಗೆ ತಾನಾಗಿ ಇಳಿಯುತ್ತದೆ. ಅಷ್ಟನ್ನೂ ಜಯಲಕ್ಷ್ಮಿ ಲೆವೆಲ್ ಹಿಡಿದು ಒಂದೊಂದೇ ಓದಿ ಹೇಳಿದಳು. ನನಗೆ ಕುಣಿಯಬೇಕು ಅನ್ನಿಸಿತು. ಮೇಡಂ ಆದವಳು ಕುಣಿಯಬಾರದು ಎಂದು ಸುಮ್ಮನಿದ್ದೆ.

ರಂಗನಾಥಯ್ಯನವರ ಮುಂದೆ ಮೂರನೆಯ ನಕ್ಷೆ ಹರಡಿದಾಗ ಅವರು ರಸ್ತೆಯ ಗೆರೆಯಿಂದ ಕಟ್ಟಡದವರೆಗೆ ಬೆರಳೆಳೆದು ನೋಡಿದರು. "ರಸ್ತೆಯಿಂದ ಕಾಣೋದೇ ಇಲ್ಲವಲ್ಲ ಸರೋಜ," ಎಂದರು.

"ಸಾರ್, ಕಾಣೋದು ಆಮೇಲೆ. ಮೊದಲು ಇರಬೇಕಲ್ಲ."

ಅಷ್ಟು ಬಿರುಸಾಗಿ ಅವರೊಡನೆ ನಾನು ಹಿಂದೆಂದೂ ಮಾತಾಡಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಆಮೇಲೆ ಪೆನ್ಸಿಲು ಕೇಳಿ ತೆಗೆದುಕೊಂಡು, ನಾನು ಮೂಲೆಯಲ್ಲಿ ಉಳಿಸಿದ್ದ ಗಡಿಯಾರದ ಗೋಪುರದ ಮೇಲೆ ತಾವೇ ಅಡ್ಡಗೆರೆ ಎಳೆದರು. ಅದು ಅವರಿಗೆ ಎಷ್ಟು ನೋವಿನ ಗೆರೆ ಎಂದು ನನಗೆ ಗೊತ್ತಿತ್ತು. ಆದರೆ ಎಳೆದ ಮೇಲೆ ಮನುಷ್ಯ ಹಗುರಾದರು. "ಈ ಸಲ ಊರವರನ್ನು ಮೊದಲೇ ಕೂರಿಸಿಕೊಂಡು ಮಾತಾಡೋಣ. ಇನ್ನೊಂದು ಸಲ ತೋಟ ಆಗುವುದು ಬೇಡ," ಎಂದು ನಕ್ಕರು. ಆ ಬೇಸಿಗೆಯ ನಂತರ ಅವರು ನಕ್ಕದ್ದು ಅದೇ ಮೊದಲು.

ಗೋದಾಮಿನಲ್ಲೇ, ಅಟ್ಟದ ಕಾಯಿಗಳ ಕೆಳಗೆ, ಊರವರೊಂದಿಗೆ ಕೂತೆವು. ಕಟ್ಟಡ ಎಲ್ಲಿ, ಯಾಕೆ ಎಂದು ಜಯಲಕ್ಷ್ಮಿ ಹಲಗೆಯ ಮೇಲೆ ಬರೆದು ತೋರಿಸಿದಳು. ಮುಂದೆ ಯಾವ ಯಾವ ವಿಭಾಗ ತೆರೆಯುತ್ತೇವೆ ಎಂದು ಪ್ರಿನ್ಸಿಪಾಲರು ಓದುತ್ತ ಆಟೊಮೊಬೈಲ್ ಎನ್ನುವಲ್ಲಿಗೆ ಬಂದಾಗ ಗೌರಮ್ಮನವರು ತಡೆದರು. "ಆಟೊಮೊಬೈಲು ಆಮ್ಯಾಕಿರ್ಲಿ. ನಮ್ ಬಾವಿ ಮೋಟ್ರು ಸುಟ್ಟೋದ್ರೆ ತಿಪಟೂರ್ ಗಂಟ ಗಾಡಿ ಮ್ಯಾಲೆ ಹೊತ್ಕಂಡೋಗ್ತೀವಿ. ತೋಟ ಒಣಗ್ತಾ ಇರ್ತೈತೆ, ಅವ್ರು ಇವತ್ತು ಬಾ ನಾಳೆ ಬಾ ಅಂತಾರೆ. ಅದನ್ನ ಕಲಿಸ್ತೀರಾ ನಿಮ್ ಹುಡುಗ್ರಿಗೆ?" ರಂಗನಾಥಯ್ಯನವರು ಪೆನ್ಸಿಲನ್ನು ಮತ್ತೆ ಕೈಗೆತ್ತಿಕೊಂಡರು. ಆಟೊಮೊಬೈಲ್ ಹೋಗಿ ಪಂಪ್‌ಸೆಟ್ಟಿನ ವರ್ಕ್‌ಶಾಪು ಬಂತು. ಸಸಿಗಳು ಇದ್ದಲ್ಲೇ ಇರಲಿ, ಫಸಲು ಬಂದಾಗ ಅದರ ಹಣ ಪ್ರಯೋಗಶಾಲೆಗೆ ಎಂದು ಸೇರಿತು. ಕೊನೆಗೆ ಅವರು ತಾವಾಗಿ ಒಂದು ಸಾಲು ಬರೆದರು: ಈ ಯೋಜನೆಯನ್ನು ಪ್ರತಿ ವರ್ಷ ಮೊದಲ ಮಳೆಯ ನಂತರ ಊರವರ ಸಮ್ಮುಖದಲ್ಲಿ ಪರಿಷ್ಕರಿಸತಕ್ಕದ್ದು. ಯಾವ ಇಲಾಖೆಯ ಭಾಷೆಯಲ್ಲೂ 'ಮೊದಲ ಮಳೆಯ ನಂತರ' ಎಂದು ಬರೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ರಾಗಿ ಬಿತ್ತನೆ ಮುಗಿಯಿತು. ಮಾರನೆಯ ದಿನದಿಂದಲೇ ಗಾಡಿಗಳು ಬಂದವು. ಕಲ್ಲೊಡೆಯುವವರು ಏರಿನ ಬಂಡೆಗೇ ಉಳಿ ಹಚ್ಚಿದರು. ಯಾರದೋ ಹಿತ್ತಲಲ್ಲಿ ಬಿದ್ದಿದ್ದ ಗಾರೆ ಅರೆಯುವ ಕಲ್ಲಿನ ಗಾಣವನ್ನು ಎಬ್ಬಿಸಿ ತಂದು, ಎತ್ತು ಕಟ್ಟಿ, ಸುಣ್ಣ ಮರಳು ಅರೆದರು. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಗೋಡೆ. ಹುಡುಗರಿಗೆ ಪುಸ್ತಕದಲ್ಲಿ ಓದಿದ, ಗೋಡೆಯ ನೇರ ನೋಡುವ ತೂಗುಗುಂಡು ಕೈಗೆ ಬಂದಿತ್ತು. ಒಂದು ವರಸೆ ಸೊಟ್ಟಗಾದರೆ ಅವರವರೇ ಬೈದಾಡಿಕೊಂಡು ಬಿಚ್ಚಿ ಕಟ್ಟುತ್ತಿದ್ದರು. ಗೌರಮ್ಮನವರ ಮನೆಯಿಂದ ದಿನಾ ಮುದ್ದೆ, ಹುರುಳಿಕಾಳು ಸಾರು. ಮಖೆ ಮಳೆ ಎರಡು ದಿನ ಕೆಲಸ ನಿಲ್ಲಿಸಿತು, ಹುಬ್ಬೆ ಮಳೆ ಕರುಣೆ ತೋರಿಸಿತು. ಹಸ್ತ ಮಳೆಯ ಹೊತ್ತಿಗೆ ಗೋಡೆ ನನ್ನ ತಲೆ ದಾಟಿ ಹೋಗಿತ್ತು. ಎರಡು ಕೋಣೆಗೆ ಮಂಗಳೂರು ಹೆಂಚೂ ಬಿತ್ತು. ಕಿಟಕಿಯ ಮೇಲಿನ ಲಿಂಟಲ್‌ಗೆ ಬೇಕಾದ ಒಂದಿಷ್ಟು ಸಿಮೆಂಟು ಮಾತ್ರ ಹೇಗೋ ಸಿಕ್ಕಿತು. ಆ ದಿನಗಳ ಆಯಾಸ ನನಗೆ ನೆನಪೇ ಇಲ್ಲ, ಸುಖವಷ್ಟೇ ನೆನಪಿದೆ.

ಆಯುಧಪೂಜೆಗೆ ಲೆವೆಲ್ಲಿಗೆ ಏರಿಸಿದ್ದ ಹೂವು ಇನ್ನೂ ಬಾಡಿರಲಿಲ್ಲ, ಸಮಿತಿಯ ಜೀಪು ಬಂತು. ಮುಖ್ಯಸ್ಥರು ಬಿಳಿ ಮೀಸೆಯ, ನಗದ ಮನುಷ್ಯ. ಅವರ ಫೈಲಿನಲ್ಲಿದ್ದದ್ದು ನಾವು ಯುಗಾದಿ ಕಳೆದ ಮೇಲೆ ಇಲಾಖೆಗೆ ಕಳಿಸಿದ್ದ ಎರಡನೆಯ ನಕ್ಷೆ, ಹೊಸದು ಇನ್ನೂ ನಮ್ಮಲ್ಲೇ ಇತ್ತು. ಅದನ್ನು ಬಿಡಿಸಿ ಹಿಡಿದು, ಜಮೀನಿನ ನಡುಮಧ್ಯೆ ಹೋಗಿ ನಿಂತರು. ಸುತ್ತ ತೆಂಗಿನ ಸಸಿ, ಎದೆಮಟ್ಟ ಬಾಳೆ.

"ಪ್ರಿನ್ಸಿಪಾಲರೇ, ಈ ನಕ್ಷೆಯ ಪ್ರಕಾರ ನಾನೀಗ ವರ್ಕ್‌ಶಾಪಿನ ಒಳಗೆ ನಿಂತಿದ್ದೀನಿ. ಇದೇನಿದು?"

ರಂಗನಾಥಯ್ಯನವರು ನನ್ನ ಕಡೆ ನೋಡಿದರು. ನಾನು ಹೊಸ ನಕ್ಷೆಗಾಗಿ ಜಯಲಕ್ಷ್ಮಿಯ ಕಡೆ ತಿರುಗಿದೆ. ಊರವರು ಬೇಲಿಯ ಹತ್ತಿರ ಸೇರಿದ್ದರು. ಅವರ ನಡುವೆ ಹನುಮಂತಯ್ಯನವರನ್ನು ಕಂಡೆ. ಮಗಳನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದರು. ಹುಳಿಯಾರಿನವರು ಮಾರನೆಯ ದಿನ ಹೆಣ್ಣು ನೋಡಲು ಬರುವವರಿದ್ದರು.

ಜಯಲಕ್ಷ್ಮಿ ನಕ್ಷೆಯ ಸುರುಳಿ ಹಿಡಿದು ಮುಂದೆ ಬಂದಳು. "ಸಾರ್, ನಾನು ಹೇಳ್ಬೋದಾ? ಈ ಸರ್ವೆ ಮಾಡಿದ್ದು ನಮ್ಮ ತರಗತಿ."

ಮುಖ್ಯಸ್ಥರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಹೇಳಮ್ಮ," ಎಂದರು.

ಅವಳು ಗುಂಡಿಯ ಕಥೆಯಿಂದಲೇ ಶುರು ಮಾಡಿದಳು, ಒಂದನ್ನೂ ಮುಚ್ಚಿಡಲಿಲ್ಲ. ಒಂದು ಬಿಟ್ಟು ಒಂದರಲ್ಲಿ ಸಸಿ ಇಟ್ಟ ಮಾತು ಬಂದಾಗ ಸಮಿತಿಯ ಇನ್ನಿಬ್ಬರು ನಕ್ಕುಬಿಟ್ಟರು, ಮೀಸೆಯವರು ನಗಲಿಲ್ಲ. ಮಣ್ಣು ಎಲ್ಲಿ ಎಷ್ಟು ಆಳ ಮೆತ್ತಗಿದೆ, ಗಟ್ಟಿ ನೆಲ ಎಲ್ಲಿ ಶುರುವಾಗುತ್ತದೆ, ಇಳಿಜಾರು ಯಾವ ಕಡೆಗೆ, ಗೋಡೆಗೆ ಕಾಂಕ್ರೀಟು ಯಾಕೆ ಬೇಕಾಗಲಿಲ್ಲ ಎಂದು ಹೇಳುತ್ತ ಅವರನ್ನು ಏರಿನ ಮೇಲಕ್ಕೆ ನಡೆಸಿಕೊಂಡು ಹೋದಳು. ಮೀಸೆಯವರು ಗೋಡೆಗೆ ಕೈ ಹಚ್ಚಿ ನೋಡಿದರು. ಜೇಬಿನಿಂದ ಕೀಲಿಕೈ ತೆಗೆದು ಗಾರೆಯ ಸಂದು ಕೆರೆದು ನೋಡಿದರು. ಗಾರೆ ಉದುರಲಿಲ್ಲ.

"ಹತ್ತು ವರ್ಷದಲ್ಲಿ ವಿದ್ಯಾರ್ಥಿಗಳು ಹೆಚ್ಚಾದರೆ ಎಲ್ಲಿ ಕಟ್ಟುತ್ತೀರಿ?"

"ಈ ಬಂಡೆ ತೆಂಕಲಿಗೂ ಹೀಗೇ ಹೋಗ್ತದೆ ಸಾರ್. ಆ ಹುಣಸೆಮರದವರೆಗೂ ಅಳೆದಿದೀವಿ. ಒಂದೊಂದು ಸಾಲು ಸೇರಿಸ್ತಾ ಹೋಗ್ಬೋದು. ತೋಟದ ಕಡೆ ಬರೋದಿಲ್ಲ. ಇಲ್ಲಿಯ ನೀರೆಲ್ಲ ಇಳಿದು ತೋಟಕ್ಕೇ ಹೋಗುತ್ತೆ."

ಅವರು ತಿರುಗಿ ಬೇಲಿಯ ಬಳಿಯಿದ್ದ ಜನರನ್ನು ನೋಡಿದರು. "ಹದಿನೈದು ವರ್ಷದ ಯೋಜನೆ ಅಂತ ಎಲ್ಲರೂ ಬರೆದುಕೊಡ್ತಾರೆ. ಮೂರನೇ ವರ್ಷಕ್ಕೆ ಹೋಗಿ ನೋಡಿದರೆ ಕೇಳುವವರಿರಲ್ಲ. ಇದನ್ನ ಅಲ್ಲಿಯ ಗಂಟ ಯಾರು ನೋಡ್ಕೋತಾರೆ?"

ಉತ್ತರ ಕೊಡಲು ಗೌರಮ್ಮನವರು ಯಾರ ಅಪ್ಪಣೆಗೂ ಕಾಯಲಿಲ್ಲ. "ನಾವ್ ನೋಡ್ಕಂತೀವಿ ಸಾರ್. ಮನೆಗೊಂದು ಸಸಿ ಇಟ್ಟಿದೀವಿ, ಅದು ಕಾಯಿ ಬುಡೋ ಗಂಟ ನಾವೆಲ್ಲೋಗಾನ? ದಿನಾ ನೀರು ಹಾಕಾಕೆ ಬಂದೇ ಬತ್ತೀವಿ. ತೋಟಕ್ಕೂ ಇಸ್ಕೂಲಿಗೂ ಒಂದೇ ಬೇಲಿ ಹಾಕಿದೀವಿ, ನೋಡಿ ಬೇಕಾರೆ."

ಮೀಸೆಯವರು ಬೇಲಿ ನೋಡಿದರು. ಆ ಉದ್ದಕ್ಕೂ ನಿಂತಿದ್ದ ಜನರನ್ನು ನೋಡಿದರು. ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಫೈಲು ಇಟ್ಟು, ಹಳೆಯ ನಕ್ಷೆಯನ್ನು ತೆಗೆದು ರಂಗನಾಥಯ್ಯನವರ ಕೈಗೆ ಕೊಟ್ಟು, ಜಯಲಕ್ಷ್ಮಿಯ ಕೈಯಿಂದ ಹೊಸದನ್ನು ತೆಗೆದುಕೊಂಡು ಅದರ ಜಾಗದಲ್ಲಿ ಸೇರಿಸಿದರು. "ಶಾಶ್ವತ ಅನುಮತಿಗೆ ಶಿಫಾರಸು ಮಾಡ್ತೀನಿ," ಎಂದರು. ಆಗ ಮಾತ್ರ ಮೀಸೆಯ ಅಡಿಯಲ್ಲಿ ಒಂದು ನಗು ಸುಳಿಯಿತು. "ಬಾಳೆಗೊನೆ ಬಂದಾಗ ನಂಗೂ ಹೇಳಿ ಕಳಿಸಿ."

ಹುಡುಗರು ರಂಗನಾಥಯ್ಯನವರನ್ನು ಎತ್ತಿಕೊಂಡುಬಿಟ್ಟರು. "ಇಳಿಸ್ರೋ, ಇಳಿಸ್ರೋ," ಎನ್ನುತ್ತಲೇ ಅವರು ಅಳುತ್ತಿದ್ದರು. ನಾನೂ ಅತ್ತೆ. ಗೆದ್ದೆವು ಎಂಬ ಮಾತನ್ನು ನಾನು ಬದುಕಿನಲ್ಲಿ ಅಷ್ಟು ಸಲೀಸಾಗಿ ಹೇಳಿದ್ದು ಅವತ್ತೊಂದೇ ದಿನ.

ಆ ಯೋಜನೆಯನ್ನು ಆಮೇಲೆ ಪ್ರತಿ ವರ್ಷ ಮಳೆ ಬಿದ್ದ ಮೇಲೆ ಕೂತು ತಿದ್ದಿದೆವು. ಪಂಪ್‌ಸೆಟ್ಟಿನ ವರ್ಕ್‌ಶಾಪು ಎಲೆಕ್ಟ್ರಿಕಲ್ ವಿಭಾಗವಾಯಿತು. ಬಂಡೆಯ ಮೇಲೆ ಸಾಲು ಸಾಲು ಸೇರಿ ಕಟ್ಟಡ ಹುಣಸೆಮರದ ಬಳಿಗೆ ಹೋಯಿತು. ಮೊದಲ ಪುಟದಲ್ಲಿ ಇದ್ದದ್ದರಲ್ಲಿ ಕೊನೆಯ ಪುಟದಲ್ಲಿ ಎಷ್ಟು ಉಳಿಯಿತೋ, ನಾನು ನಿವೃತ್ತಳಾಗುವ ಹೊತ್ತಿಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಕಾಲೇಜು ಮಾತ್ರ ಇತ್ತು, ಈಗಲೂ ಇದೆ. ಅದೆಲ್ಲ ಉದ್ದದ ಮಾತು. ಆ ದಿನದ ಸಂಜೆಯನ್ನು ಹೇಳಿ ನಿಲ್ಲಿಸುತ್ತೇನೆ.

ಸಂಜೆ ಬಸ್ಸಿಗೆ ಕಾಯುತ್ತ ನಾನು ಒಂದು ಕಡೆ ನಿಂತಿದ್ದೆ. ಸ್ವಲ್ಪ ದೂರದಲ್ಲಿ ಹನುಮಂತಯ್ಯ, ಅವರ ಪಕ್ಕ ಜಯಲಕ್ಷ್ಮಿ. ಮಗಳ ಕೈಗೆಲ್ಲ ಸುಣ್ಣ. ಹುಳಿಯಾರಿನವರ ವಿಚಾರ ಏನು ಮಾಡುತ್ತೀರಿ ಎಂದು ಕೇಳುವ ಮಾತು ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು, ಹೇಗೋ ತಡೆದುಕೊಂಡಿದ್ದೆ. ಹನುಮಂತಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು, ಕೆಮ್ಮಿದರು, ರಸ್ತೆ ನೋಡಿದರು. ಆಮೇಲೆ ಮಗಳ ಕಡೆಗೆ ತಿರುಗಿ, ಊರಿನ ಹಿರಿಯರೊಬ್ಬರನ್ನು ಕೇಳುವ ಗೌರವದಲ್ಲಿ ಕೇಳಿದರು:

"ನಮ್ ಕೊಟ್ಟಿಗೆ ಹಿಂದ್ಲ ಗ್ವಾಡೆ ಬಿರುಕು ಬುಟ್ಟೈತಲ್ಲವ್ವ. ಯಾತಕ್ಕಿರ್ಬೋದು ಅದು?"

"ಹಂಗೆ ನೋಡಿ ಹೇಳಾಕಾಗಲ್ಲ ಅಪ್ಪ. ಪಾಯ ಅಗೆದು ನೋಡ್ಬೇಕು."

"ನಾಳೆ ಅಗಿಯಾನ?"

"ನಾಳೆ ಹುಳಿಯಾರಿನೋರು ಬತ್ತಾರಲ್ಲ."

"ಬರಾದು ಬ್ಯಾಡ ಅಂತ ಹೇಳ್ಕಳಿಸ್ತೀನಿ ಬುಡು," ಎಂದರು ಹನುಮಂತಯ್ಯ. "ನೀನು ಗ್ವಾಡೆ ನೋಡು."